ರವಿವಾರದ ಆ ಒಂದು ತಾಸು

ಗೆಳೆಯಾ ವಿಠೋಬಾ,

ಬನಹಟ್ಟಿಯ ಐದು ಓಣಿಗಳಿಗೆ ಇಂಟರ್ನೆಟ್ ಕೊಡುವ ಮುತ್ತಣ್ಣ, ಎರಡು ಓಣಿಯಾಚೆ ಇರುವ ಗೆಳೆಯನಿಗೆ ಕಾಗದದ ಮೇಲೆ ಪತ್ರ ಬರೆಯುತ್ತಿದ್ದಾನೆ ಎಂದರೆ ನಿನಗೆ ನಗು ಬರಬಹುದು. ಈಗಲೇ ನಕ್ಕುಬಿಡು. ಮುಂದೆ ಓದಿದ ಮೇಲೆ ಆಗಲಿಕ್ಕಿಲ್ಲ. ಫೋನಿನಲ್ಲಿ ಬರೆದು ಕಳಿಸಬಹುದಿತ್ತು, ಆದರೆ ಅದೂ ನನ್ನ ತಂತಿಯ ಮೇಲೆಯೇ ನಿನ್ನ ಮನೆಗೆ ಬರಬೇಕು. ಈ ಮಾತು ಆ ತಂತಿಯ ಮೇಲೆ ಬರುವುದು ನನಗೆ ಬೇಡವಾಗಿದೆ.

ಸುತ್ತಿ ಬಳಸಿ ಹೇಳುವುದಿಲ್ಲ. ನಾಲ್ಕು ತಿಂಗಳಿಂದ ರವಿವಾರ ನೀನು ಫೋನಿನ ಮುಂದೆ ಸೀರೆ ತೋರಿಸುವಾಗ ನಿನ್ನ ಲೈವ್ ನಡುನಡುವೆ ನಿಲ್ಲುತ್ತಿದೆಯಲ್ಲ, ಅದಕ್ಕೆ ನಿನ್ನ ಮಗ್ಗದ ಮೋಟಾರು ಕಾರಣವಲ್ಲ. ಬಾಜು ಮನೆಯವರ ಮಗ್ಗವೂ ಕಾರಣವಲ್ಲ. ಕಾರಣ ನಾನು. ಅಂಗಡಿಯ ಕಂಪ್ಯೂಟರಿನಲ್ಲಿ ಪ್ರತಿ ಮನೆಯ ಹೆಸರಿನ ಮುಂದೆ, ಆ ಮನೆಗೆ ಎಷ್ಟು ವೇಗ ಬಿಡಬೇಕು ಎಂಬ ಅಂಕಿ ಇರುತ್ತದೆ. ರವಿವಾರ ಬೆಳಿಗ್ಗೆ ಹನ್ನೊಂದಕ್ಕೆ ನಿನ್ನ ಹೆಸರಿನ ಮುಂದಿನ ನೂರನ್ನು ನಾನು ಒಂದಕ್ಕೆ ಇಳಿಸುತ್ತಿದ್ದೆ. ಹನ್ನೆರಡಕ್ಕೆ ಮತ್ತೆ ನೂರು ಮಾಡುತ್ತಿದ್ದೆ. ಆಮೇಲೆ ನೀನು ಫೋನ್ ಮಾಡಿದರೆ, "ಈಗ ನೋಡಲೇ, ಛಲೋ ಐತೆಲ್ಲ" ಎನ್ನುತ್ತಿದ್ದೆ. ಆಗ ಖರೇನೇ ಛಲೋ ಇರುತ್ತಿತ್ತು.

ಯಾಕೆ ಮಾಡಿದೆ ಎಂದು ಕೇಳುತ್ತೀ. ಹೊಟ್ಟೆಕಿಚ್ಚಿಗೆ ಮಾಡಿದೆ. ಇದಕ್ಕಿಂತ ಮರ್ಯಾದೆಯ ಕಾರಣವೊಂದು ಸಿಕ್ಕೀತೇ ಎಂದು ಎರಡು ದಿನ ಹುಡುಕಿದೆ, ಸಿಗಲಿಲ್ಲ.

ನಮ್ಮ ಮನೆಯಲ್ಲಿ ರವಿವಾರ ಹನ್ನೊಂದಾಯಿತೆಂದರೆ ಒಲೆಯ ಉರಿ ಸಣ್ಣದಾಗುತ್ತದೆ. ದಾನೇಶ್ವರಿ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಇಡುತ್ತಾಳೆ. ಅವ್ವ ಅದರ ಮುಂದೆ ಕುರ್ಚಿ ಹಾಕಿಸಿಕೊಂಡು ಕೂಡುತ್ತಾಳೆ. ನೀನು ಬರುತ್ತೀ. "ಬರ್ರಿ ಅಕ್ಕಾರ, ಬರ್ರಿ ವೈನೀ, ನೋಡಾಕೇನು ರೊಕ್ಕ ಹತ್ತಂಗಿಲ್ಲ!" ಕೊಲ್ಲಾಪುರದವರು ಬಂದರೆ ಮರಾಠಿ, ಹುಬ್ಬಳ್ಳಿಯವರು ಬಂದರೆ ಕನ್ನಡ. ಸೀರೆ ಬಿಚ್ಚುವ ಮೊದಲೇ ನೀನೊಂದು ಚೇಷ್ಟೆ ಮಾಡುತ್ತೀ, ದಾನೇಶ್ವರಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾಳೆ. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು, ನನ್ನ ಮಾತಿಗೆ ಅವಳು ಹಾಗೆ ನಕ್ಕದ್ದು ನನಗೆ ನೆನಪಿಲ್ಲ. ಒಂದು ದಿನ ನಿನಗೆ ಕೆಂಪು ಹೃದಯದ ಚಿತ್ರ ಒತ್ತಿದಳು. ನಾನು ರೊಟ್ಟಿ ಕೇಳಿದೆ. "ತಡೀರಿ, ಸೆರಗ ತೋರ್ಸಾಕತ್ತಾರ" ಎಂದಳು. ನನ್ನ ಕಂಬ, ನನ್ನ ತಂತಿ, ಗೋಡೆಯ ಮೇಲೆ ನಾನೇ ಮೊಳೆ ಹೊಡೆದು ಕೂರಿಸಿದ ಇಂಟರ್ನೆಟ್ ಡಬ್ಬಿ. ಅದರೊಳಗಿಂದ ನೀನು ನನ್ನ ಅಡಿಗೆಮನೆಗೆ ಬಂದು ನನ್ನ ರೊಟ್ಟಿ ತಡೆಯುತ್ತೀ. ಎಷ್ಟು ಜನ ನೋಡುತ್ತಿದ್ದಾರೆ ಎಂದು ಮೂಲೆಯಲ್ಲಿ ಬರುತ್ತದಲ್ಲ, ಅದನ್ನು ನಾನು ನಿನಗಿಂತ ಹೆಚ್ಚು ಸಲ ನೋಡಿರಬೇಕು. ಆರು ನೂರು. ಒಂಬೈನೂರು. ಅದು ಸಾವಿರ ದಾಟಿದ ದಿನ ನನಗೆ ಊಟ ಸೇರಲಿಲ್ಲ.

ನಿನಗೆ ಗೊತ್ತಿರಲಿಕ್ಕಿಲ್ಲ, ಇದು ಮೊನ್ನೆ ಮೊನ್ನೆ ಹುಟ್ಟಿದ್ದಲ್ಲ. ನಾವಿಬ್ಬರೂ ಒಟ್ಟಿಗೇ ನಮ್ಮಪ್ಪನ ಕೈಮಗ್ಗಕ್ಕೆ ಕೂತವರು. ನನ್ನ ಕೈಯಲ್ಲಿ ಎಳೆ ಹರಿಯುತ್ತಿತ್ತು. ಹರಿದದ್ದನ್ನು ಗಂಟು ಹಾಕುವಷ್ಟರಲ್ಲಿ ಇನ್ನೊಂದು ಹರಿಯುತ್ತಿತ್ತು. ನೀನು ಕೂತರೆ ಒಂದು ಮೊಳ ನೇಯುವವರೆಗೆ ತಲೆ ಎತ್ತುತ್ತಿರಲಿಲ್ಲ. ತೇರದಾಳದಿಂದ ಬಂದ ನೆಂಟರ ಎದುರಿಗೆ ಅಪ್ಪ ಹೇಳಿದ, "ಕೈ ಅಂದ್ರ ಈ ವಿಠೂಂದು ನೋಡ್ರಿ. ನಮ್ಮಂವಾ ಬರೇ ಕಂಬಾ ಏರಾಕ ಹುಟ್ಟ್ಯಾನ." ಎಲ್ಲರೂ ನಕ್ಕರು, ನೀನೂ ನಕ್ಕೆ. ನಾನು ನಿಜವಾಗಿಯೂ ಕಂಬ ಏರಿದೆ. ಮೊದಲು ಟೀವಿಯ ಕೇಬಲ್ ಎಳೆದೆ, ಆಮೇಲೆ ಇಂಟರ್ನೆಟ್. ಅಪ್ಪ ತೀರಿಕೊಂಡ ಮೇಲೆ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದೆ. ಅಪ್ಪನ ಕೈ ಮಾತ್ರ ನಿನ್ನ ಮನೆಗೆ ಹೋಗಿ ಕೂತಿತು.

ಪ್ರತಿ ರವಿವಾರ ನೀನು ಅವನ ಹೆಸರು ಹೇಳುತ್ತೀ. "ಈ ದಡಿ ನಮ್ಮ ಭೀಮಪ್ಪ ಕಾಕಾ ಕೈ ಹಿಡದ ಕಲಿಸಿದ್ದರಿ" ಎಂದು ಅಂಚಿನ ಮೇಲೆ ಬೆರಳಾಡಿಸಿ ತೋರಿಸುತ್ತೀ. ಅವ್ವ ಫೋನಿನ ಮುಂದೆ ಕೂಡುವುದೇ ಆ ಹೆಸರು ಕೇಳಲಿಕ್ಕೆ. ನೀನು ನನ್ನನ್ನು ಚುಚ್ಚಲೆಂದೇ ಹೇಳುತ್ತೀ ಎಂದು ನನಗೆ ಅನಿಸಿತು. ಒಂದು ರವಿವಾರ ಅಂಗಡಿಯಲ್ಲಿ ಒಬ್ಬನೇ ಇದ್ದೆ. ನಿನ್ನ ಹೆಸರು ಕಂಪ್ಯೂಟರಿನ ಮೇಲೆ ಕಣ್ಣೆದುರಿಗೇ ಇತ್ತು. ನೂರು ಅಳಿಸಿ ಒಂದು ಹಾಕಿದೆ. ಪಕ್ಕದ ಫೋನಿನಲ್ಲಿ ನೀನು "ಭೀಮಪ್ಪ ಕಾ" ಎನ್ನುವಷ್ಟರಲ್ಲಿ ಬಾಯಿ ತೆರೆದಂತೆಯೇ ನಿಂತುಬಿಟ್ಟೆ, ನಡುವೆ ಬಿಳಿ ಚಕ್ರ ತಿರುಗತೊಡಗಿತು. ಖರೆ ಹೇಳುತ್ತೇನೆ, ಬಹಳ ಸುಖವಾಯಿತು. ಮಧ್ಯಾಹ್ನ ಮನೆಗೆ ಹೋದರೆ ಅವ್ವ ಕೇಳಿದಳು, "ಯಾಕೋ ಮುತ್ತಣ್ಣಾ, ನಿಮ್ಮಪ್ಪನ ಹೆಸರ ಹೇಳಾಕತ್ತಿದ್ದಾ, ಹಂಗ ನಿಂತ ಬಿಟ್ಟಾ." ನಾನು ಕೈ ತೊಳೆಯಲು ಬಚ್ಚಲಿಗೆ ಹೋದೆ.

ಆ ದಿನವೇ ಬಿಟ್ಟಿದ್ದರೆ ಇಷ್ಟಕ್ಕೆ ಮುಗಿಯುತ್ತಿತ್ತು. ಬಿಡಲಿಲ್ಲ. ಮೂರು ರವಿವಾರ ಕಳೆದ ಮೇಲೆ ನೀನು ಅಂಗಡಿಗೆ ಬಂದೆ. ಸಿಟ್ಟಿಲ್ಲ, ಜಗಳವಿಲ್ಲ. "ಏನಾಗೇತಿ ನೋಡೋ ಮುತ್ತಣ್ಣಾ, ಗಿರಾಕಿ ಬಿಟ್ಟ ಹೊಂಟಾರ" ಎಂದೆ. ಅಳಿಲು ತಂತಿ ಕಡಿದಿದೆ ಎಂದಿದ್ದರೆ ಹೊಸ ತಂತಿ ಎಳೆದು ಕೈತೊಳೆದುಕೊಳ್ಳಬಹುದಿತ್ತು. ನನ್ನ ಬಾಯಿಗೆ ಅದೇನು ಬಂತೋ, ಮಗ್ಗದ ಮೇಲೆ ಹಾಕಿದೆ. "ಲೈವ್ ಮಾಡೂ ಹೊತ್ತಿನ್ಯಾಗ ಮಗ್ಗದ ಮೋಟರ್ ಓಡಿದ್ರ ಸಿಗ್ನಲ್ ಕೆಡತೈತಿ" ಎಂದೆ. ಇಡೀ ಊರೇ ಮಗ್ಗದ ಸದ್ದಿನಲ್ಲಿ ಬದುಕುವ ಬನಹಟ್ಟಿಯಲ್ಲಿ ಇಂಥ ಮಾತು ಹೇಳುವವನೂ ಇಲ್ಲ, ನಂಬುವವನೂ ಇಲ್ಲ. ಹೇಳಿದವನು ನಾನು ಎಂಬ ಒಂದೇ ಕಾರಣಕ್ಕೆ ನೀನು ನಂಬಿದೆ. ಮುಂದಿನ ರವಿವಾರ ನಿನ್ನ ಎರಡೂ ಮಗ್ಗ ನಿಲ್ಲಿಸಿ ಕೂತೆ. ನನ್ನ ಸುಳ್ಳು ಖರೆ ಕಾಣಲಿ ಎಂದು ನಾನು ಅವತ್ತು ಪೂರ್ತಿ ನೂರು ಬಿಟ್ಟೆ. ನೀನು ಸಂಜೆ ಫೋನ್ ಮಾಡಿ, "ನಿನ್ನಂಥಾ ತಲಿ ಯಾರಿಗೂ ಇಲ್ಲೋ" ಎಂದು ಹೊಗಳಿದೆ. ಅದನ್ನು ಕೇಳಿಸಿಕೊಂಡು ಎರಡು ವಾರ ತಣ್ಣಗಿದ್ದೆ. ಮೂರನೆಯ ವಾರ ಮತ್ತೆ ಕೈ ಹೋಯಿತು.

"ನಮ್ಮ ಮಗ್ಗ ಬಂದ್ ಅದಾವಲ್ಲೋ" ಎಂದು ನೀನು ಕೇಳಿದಾಗ, "ಬಾಜೂದವರದು ಓಡಾಕತ್ತಾವಲ್ಲ" ಎಂದೆ. ಬಾಜು ಮನೆಯ ಬಾಗಿಲಿಗೆ ಹೋಗಿ ರವಿವಾರ ಒಂದು ತಾಸು ಮಗ್ಗ ನಿಲ್ಲಿಸಿರೆಂದು ನೀನು ಕೈಮುಗಿದೆಯಂತೆ. ಅವರು, "ನಿನ್ನ ಸೀರಿ ಮಾರಾಕ ನಾವ್ ಉಪಾಸ ಕೂಡೂಣೇನು" ಎಂದು ಬಾಗಿಲು ಹಾಕಿಕೊಂಡರಂತೆ. ಈ ಸುದ್ದಿಯನ್ನು ದಾನೇಶ್ವರಿ ಹೇಳಿದಾಗ ನಾನು ತಟ್ಟೆಯಲ್ಲಿನ ರೊಟ್ಟಿ ಮುರಿಯುತ್ತ ಕೂತೆ.

ಕಳೆದ ಸೋಮವಾರ ನನಗೆ ಇಂಟರ್ನೆಟ್ ಕೊಡುವ ದೊಡ್ಡ ಕಂಪನಿಯವರು ಜಮಖಂಡಿಯ ಒಂದು ಹೋಟೆಲಿನಲ್ಲಿ ಸಭೆ ಕರೆದಿದ್ದರು. ಮುಧೋಳ, ಬೀಳಗಿ ಕಡೆಯ ನನ್ನಂಥವರೆಲ್ಲ ಬಂದಿದ್ದರು, ನಾಲ್ಕಾರು ದೊಡ್ಡ ವ್ಯಾಪಾರಿಗಳೂ ಇದ್ದರು. ಕಂಪನಿಯ ಹೆಣ್ಣುಮಗಳೊಬ್ಬಳು ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸಿದಳು. ಇನ್ನು ಮುಂದೆ ಇಂಟರ್ನೆಟ್‌ನಲ್ಲಿ ದರ್ಜೆಗಳು ಬರಬಹುದು: ಬಂಗಾರ, ಬೆಳ್ಳಿ, ಸಾದಾ. ಈಗಿನ ನಿಯಮ ಒಪ್ಪುವುದಿಲ್ಲ, ನಾಳೆ ಸಡಿಲಾದರೆ ನಾವು ತಯಾರಿರಬೇಕು. "ಯಾರ ವಿಡಿಯೊವನ್ನೂ ನಾವು ನಿಲ್ಲಿಸುವುದಿಲ್ಲ. ಹೆಚ್ಚು ಕೊಟ್ಟವರದು ಮುಂದೆ ಹೋಗುತ್ತದೆ, ಉಳಿದವರದು ಸ್ವಲ್ಪ ಕಾಯುತ್ತದೆ, ಅಷ್ಟೇ" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಕೈ ಏಳಲಿಲ್ಲ. ಕಂಪನಿ ಮುಂದೆಂದೋ ರೊಕ್ಕ ತೆಗೆದುಕೊಂಡು ಮಾಡಬೇಕೆಂದಿರುವ ಕೆಲಸವನ್ನು ನಾನು ಹೊಟ್ಟೆಕಿಚ್ಚಿಗೆ ಪುಕ್ಕಟೆ ಮಾಡಿ ಕೂತಿದ್ದೆ. ಕೆಲವು ವರ್ಷಗಳ ಹಿಂದೆ ಇದೇ ಮಾತಿಗೆ ದೇಶದ ತುಂಬ ಗದ್ದಲವಾದಾಗ, ಕಾಲೇಜಿನ ಹುಡುಗರ ಜೊತೆ ನಿಂತು ಇಂಥ ಭೇದ ಬೇಡವೆಂದು ನಾನೂ ದಿಲ್ಲಿಗೆ ಈಮೇಲ್ ಕಳಿಸಿದ್ದೆ. ಅಂಗಡಿಯ ಮುಂದೆ "ಎಲ್ಲರಿಗೂ ಒಂದೇ ನೆಟ್" ಎಂದು ಬೋರ್ಡು ಬರೆಸಿದ್ದೆ. ಆ ಬೋರ್ಡು ಇನ್ನೂ ಇದೆ. ಅದರ ಕೆಳಗೆ ಕೂತೇ ನಿನ್ನ ನೂರನ್ನು ಒಂದು ಮಾಡುತ್ತಿದ್ದೆ.

ಊಟಕ್ಕೆ ಕೂತಾಗ ಜಮಖಂಡಿಯ ಬಟ್ಟೆ ವ್ಯಾಪಾರಿ ಮುರಗೆಪ್ಪ ನನ್ನ ಪಕ್ಕಕ್ಕೆ ಬಂದ. "ಬಂಗಾರದ್ದು ಬರ್ಲಿ, ಮದಲ ನಾನ ತಗೋತೇನ್ರಿ" ಎಂದ. ಆಮೇಲೆ, "ನಿಮ್ಮ ಗೆಳೆಯಾ ವಿಠೋಬಾ ಲೈವ್ ಬಿಡಾಂವ ಅದಾನ. ಸೀರಿ ಎಲ್ಲಾ ಇನ್ನ ನಮಗ ಕೊಡ್ತಾನ, ನಮ್ಮ ಅಂಗಡಿ ಹೆಸರಿನ್ಯಾಗ ಮಾರ್ತೀವಿ. ಮಗ್ಗದ ಕಾಟಕ್ಕ ಬನಹಟ್ಟ್ಯಾಗ ನೆಟ್ ನಿಲ್ಲಂಗಿಲ್ಲಂತ ನೀವ ಹೇಳೀರಂತಲ್ಲ?" ಎಂದ. ಮುರಿದ ಹೋಳಿಗೆಯನ್ನು ತಟ್ಟೆಗೇ ಹಾಕಿದೆ. ನಿನ್ನ ಕೈಯ ಸೀರೆಯ ಮೇಲೆ ಅವನ ಹೆಸರು. ವಿಚಿತ್ರ ನೋಡು, ಆಗ ಅವನ ಮೇಲೂ ನನಗೆ ಕಿಚ್ಚೆದ್ದಿತು. ನಿನ್ನ ಮೇಲೆ ಹೊಟ್ಟೆ ಉರಿದುಕೊಳ್ಳುವ ಹಕ್ಕು ನನ್ನೊಬ್ಬನದೇ ಎಂದು ಇಷ್ಟು ವರ್ಷ ತಿಳಿದಿದ್ದೆ. ನೀನೇ ಇಲ್ಲದಂತಾಗಬೇಕೆಂದು ನಾನು ಎಂದೂ ಬಯಸಿರಲಿಲ್ಲ. ಬಯಸದೆಯೇ ಮಾಡಿಬಿಟ್ಟಿದ್ದೆ.

ಬುಧವಾರ ಎಲ್ಲ ಹೇಳಿಬಿಡಬೇಕೆಂದು ನಿನ್ನ ಮನೆಗೆ ಬಂದೆ. ನೀನು ಚಹಾ ತರಿಸಿದೆ. ಬರುವ ರವಿವಾರದ್ದೇ ಕೊನೆಯ ಲೈವ್, ಎಲ್ಲರಿಗೂ ಹೇಳಿ ಮುಗಿಸುತ್ತೇನೆ ಎಂದೆ. "ನೀ ಬಾಳ ಓಡ್ಯಾಡಿದ್ಯೋ ನನ್ನ ಸಲುವಾಗಿ, ಪಾಪ. ನಮ್ಮ ನಸೀಬ ಇಷ್ಟ" ಎಂದು ಒಂದು ಸೀರೆ ಮಡಚಿ, ದಾನೇಶ್ವರಿಗೆ ಕೊಡು ಎಂದು ನನ್ನ ತೊಡೆಯ ಮೇಲಿಟ್ಟೆ. ಹೇಳಲು ಬಂದದ್ದನ್ನು ಹೇಳದೆಯೇ ನಾನು ಸೀರೆ ಬಗಲಲ್ಲಿ ಹಿಡಿದು ಎದ್ದು ಬಂದೆ. ಮನೆಗೆ ಬಂದು ದಾನೇಶ್ವರಿಗೆ ಎಲ್ಲ ಹೇಳಿದೆ. ಅವಳು ಸೀರೆಯನ್ನು ಬಿಚ್ಚಲಿಲ್ಲ. "ನಿಮ್ಮ ಬಾಯಿಂದ ಆಗಂಗಿಲ್ಲ. ಬರದ ಕೊಡ್ರಿ, ನಾನ ಒಯ್ದ ಕೊಡ್ತೇನಿ. ಅಂವಾ ಓದೂತನಕ ಅಲ್ಲೇ ಕುಂತಿರ್ತೇನಿ" ಎಂದಳು. ಅವಳು ಈಗ ನಿನ್ನೆದುರಿಗೆ ಕೂತಿದ್ದಾಳೆ. ಸೀರೆಯನ್ನೂ ತಂದಿದ್ದಾಳೆ, ಇಟ್ಟುಕೊಳ್ಳಲು ಮನಸ್ಸಿಲ್ಲವಂತೆ.

ಲೈನ್ ಸುಮ್ಮನೆ ಸರಿ ಮಾಡಿ ಬಾಯಿಮುಚ್ಚಿಕೊಂಡಿರಬಹುದಿತ್ತು ಎಂದು ನೀನು ಅಂದುಕೊಳ್ಳಬಹುದು. ನಾನೂ ಯೋಚಿಸಿದೆ. ಹಾಗೆ ಮಾಡಿದ್ದರೆ ನೀನು ಮುಂದಿನ ಲೈವ್‌ನಲ್ಲಿ ಸಾವಿರ ಜನರ ಎದುರು "ನಮ್ಮ ಮುತ್ತಣ್ಣ ರಿಪೇರಿ ಮಾಡಿದಾ" ಎಂದು ಹೊಗಳುತ್ತಿದ್ದೆ. ಆ ಹೊಗಳಿಕೆಯನ್ನು ನಾನು ತಡೆದುಕೊಳ್ಳಲಾರೆ.

ಮುರಗೆಪ್ಪನಿಗೆ ಇವತ್ತೇ ಫೋನ್ ಮಾಡಿ ಇಲ್ಲವೆಂದು ಹೇಳು. ರವಿವಾರ ಕೊನೆಯ ಮಾತು ಹೇಳಬೇಡ. ಬಾಜು ಮನೆಯವರಿಗೆ ಅವರ ಮಗ್ಗದ್ದೇನೂ ತಪ್ಪಿಲ್ಲವೆಂದು ನಾನೇ ಹೋಗಿ ಹೇಳುತ್ತೇನೆ. ನಿನಗೆ ಬಯ್ಯಬೇಕೆನಿಸಿದರೆ ಅಂಗಡಿಗೇ ಬಾ, ಗಿರಾಕಿಗಳಿರುವ ಹೊತ್ತಿಗೆ ಬಾ. ಎದುರು ಮಾತಾಡುವುದಿಲ್ಲ.

ಈ ಪತ್ರದ ಜೊತೆಗೆ ಇನ್ನೊಂದು ಕಾಗದವಿದೆ. ನನ್ನ ಲೈನ್ ಬಿಡುತ್ತೇನೆ ಎಂದು ನಿನ್ನ ಹೆಸರಿನಲ್ಲಿ ಬರೆದ ಅರ್ಜಿ. ಎಲ್ಲ ತುಂಬಿದ್ದೇನೆ, ನಿನ್ನ ಸಹಿ ಮಾತ್ರ ಬೇಕು. ರಬಕವಿಯಲ್ಲಿ ಲೈನ್ ಕೊಡುವವರಿಗೆ ಹೇಳಿದ್ದೇನೆ, ಶನಿವಾರ ಮಧ್ಯಾಹ್ನ ಬಂದು ಜೋಡಿಸುತ್ತಾರೆ. ನಿನ್ನ ಸ್ವಭಾವ ನನಗೆ ಗೊತ್ತು. "ಒಪ್ಪಿಕೊಂಡ್ಯಲ್ಲೋ, ಆತು ಬಿಡು, ನಿನ್ನ ಲೈನೇ ಇರ್ಲಿ" ಎನ್ನುತ್ತೀ. ಬೇಡ ವಿಠೂ. ನಾನು ಒಳ್ಳೆಯವನಾದೆ ಎಂದು ನಂಬಿ ಇರಬೇಡ. ಸಾವಿರದ ಜಾಗದಲ್ಲಿ ಎರಡು ಸಾವಿರ ಬಂದರೆ ನನ್ನ ಹೊಟ್ಟೆ ಮತ್ತೆ ಉರಿಯುತ್ತದೆ. ಉರಿಯದು ಎಂದು ಮಾತು ಕೊಡಲಾರೆ. ಉರಿದಾಗ ನಿನ್ನ ಹೆಸರು ನನ್ನ ಕೈಗೆ ಸಿಗಬಾರದು. ಸಹಿ ಮಾಡಿ ದಾನೇಶ್ವರಿಯ ಕೈಯಲ್ಲಿ ಕೊಡು.

ನಿನ್ನ ಎರಡೂ ಮಗ್ಗ ರವಿವಾರವೂ ಓಡುತ್ತಿರಲಿ, ನಿನ್ನ ಸೀರೆ ನಿನ್ನ ಹೆಸರಿನಲ್ಲೇ ಊರೂರು ಮುಟ್ಟಲಿ.

ನಿನ್ನ ಗೆಳೆಯನೆಂದು ಬರೆದುಕೊಳ್ಳಲು ಈ ಹೊತ್ತು ಕೈ ಬಾರದ,
ಮುತ್ತಣ್ಣ