ದೊಡ್ಡವರ ಮಾತು ಕೇಳುವುದಿಲ್ಲ

ಎಜ್‌ಬಾಸ್ಟನ್, ಬರ್ಮಿಂಗ್‌ಹ್ಯಾಮ್
೨೦ ಮೇ ೨೦೧೩

ಪ್ರೀತಿಯ ತಂಗಿ ನಿವೇದಿತಾ,

ಹೇಗಿದ್ದೀ? ಬೆನ್ನುನೋವು ಕಡಿಮೆಯಾಯಿತೇ? ಕೋರ್ಟಿನ ಕುರ್ಚಿಯಲ್ಲಿ ಕೂತು ಕೂತು ಬಂದ ನೋವಿಗೆ ಮಾತ್ರೆ ನುಂಗಬೇಡ, ದಿನಾ ನಡೆ. ಇದನ್ನು ಅಣ್ಣನಾಗಿ ಅಲ್ಲ, ಡಾಕ್ಟರನಾಗಿ ಹೇಳುತ್ತಿದ್ದೇನೆ. ಅವ್ವ ಗಟ್ಟಿಯಾಗಿದ್ದಾಳೆ. ಎಂಬತ್ತೆರಡಾದರೂ ರೊಟ್ಟಿ ತಾನೇ ಬಡಿಯಬೇಕು. ನಿನ್ನ ಅತ್ತಿಗೆ ಬಡಿದದ್ದು ಅವಳಿಗೆ ಇವತ್ತಿಗೂ ದಪ್ಪ.

ಈಗ ಸುದ್ದಿ. ನಿನ್ನನ್ನು ಫೆಡರಲ್ ಮೇಲ್ಮನವಿ ನ್ಯಾಯಾಲಯಕ್ಕೆ ಹೆಸರಿಸುವ ಮುನ್ನ ನಿನ್ನ ಪೂರ್ವಾಪರ ವಿಚಾರಿಸುವ ಅಧಿಕಾರಿ ಹೋದ ವಾರ ಅಮೆರಿಕದಿಂದ ಫೋನ್ ಮಾಡಿದ್ದರು. ಸಭ್ಯ ಮನುಷ್ಯ. ನಿನ್ನ ಸ್ವಭಾವ ಹೇಗೆ ಎಂದು ಕೇಳಿದರು. ಅವ್ವ ಪಕ್ಕದಲ್ಲೇ ಕೂತಿದ್ದವಳು, "ಮಂದಿ ಮುಂದ ಹೊಗಳಬ್ಯಾಡ, ದೃಷ್ಟಿ ಆಗತೈತಿ" ಎಂದು ಮೊಣಕೈಯಿಂದ ತಿವಿದಳು. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ, ನಮ್ಮವರನ್ನು ಹೊರಗಿನವರು ಹೊಗಳಬೇಕು, ನಾವಲ್ಲ. ಹಾಗಾಗಿ, ಅಷ್ಟಕ್ಕಷ್ಟೇ, ಸ್ವಲ್ಪ ಹಟಮಾರಿ, ದೊಡ್ಡವರ ಮಾತು ಕೇಳುವುದಿಲ್ಲ ಎಂದೆ. ಆ ಕಡೆ ಟೈಪ್ ಮಾಡುವ ಸದ್ದು ಕೇಳಿಸಿತು. ಹಾಗಾದರೆ ಮೇಲಿನ ನ್ಯಾಯಾಲಯ ಹೇಳಿದ್ದನ್ನೂ ಕೇಳುವುದಿಲ್ಲವೇ ಎಂದು ಅವರು ವಿಚಾರಿಸಿದರು. ಅಯ್ಯೋ, ಊಟಕ್ಕೆ ಕರೆದರೆ ಏಳುವುದಿಲ್ಲ, ಅಷ್ಟೇ ಎಂದೆ. ಅದನ್ನೂ ಟೈಪ್ ಮಾಡಿಕೊಂಡರು.

ಬಡ ಆರೋಪಿಗಳ ಪರವಾಗಿ ಹದಿನೈದು ವರ್ಷ ವಾದಿಸಿ, ಜಿಲ್ಲಾ ನ್ಯಾಯಾಧೀಶೆಯಾಗಿ ಒಂಬತ್ತು ವರ್ಷ ದುಡಿದು ಇಲ್ಲಿಯವರೆಗೆ ಬಂದವಳು ನೀನು. ನನ್ನ ನಾಲಿಗೆಯಿಂದ ಈ ಹುದ್ದೆ ಕೈತಪ್ಪಿದರೆ ನಿನಗೆ ಮುಖ ತೋರಿಸುವುದು ಹೇಗೆ? ಇನ್ನಷ್ಟು ವಿವರ ಬೇಕೆಂದು ಇವತ್ತು ಸಂಜೆ ನಾಲ್ಕಕ್ಕೆ ಮತ್ತೆ ಫೋನ್ ಮಾಡುತ್ತಾರಂತೆ. ಅದಕ್ಕಾಗಿ ರಜೆ ಹಾಕಿ ಮನೆಯಲ್ಲೇ ಇದ್ದೇನೆ.

ನಿನ್ನೆ ಭಾನುವಾರವೆಂದು ಇಲ್ಲಿಯ ನಮ್ಮವರೆಲ್ಲ ಸೇರಿ ಬಸವ ಜಯಂತಿ ಮಾಡಿದರು. ನನಗೆ ಶಾಲು ಹೊದಿಸಿದರು. ತಂದೆಯಿಲ್ಲದ ತಂಗಿಯನ್ನು ಓದಿಸಿ ದೊಡ್ಡವಳನ್ನಾಗಿ ಮಾಡಿದ ಡಾಕ್ಟರು ಎಂದರು. ಮೂವತ್ತು ವರ್ಷದಿಂದ ಹೀಗೇ ಹೇಳುತ್ತಾರೆ, ನಾನು ಕೈಮುಗಿದು ಕೂರುತ್ತೇನೆ. ನಿನ್ನೆಯೂ ಕೂತೆ. ಅಪ್ಪ ತೀರಿಕೊಂಡಾಗ ನಾನು ಮೆಡಿಕಲ್ ಎರಡನೇ ವರ್ಷ, ನಿನಗೆ ಹದಿನಾರು. "ಅಣ್ಣಾ, ನೀ ಓದು. ನನಗ ಆಮ್ಯಾಲೂ ಓದಾಕ ಬರತೈತಿ" ಎಂದು ಹೇಳಿ ಹೊಲಿಗೆ ಕಾರ್ಖಾನೆಗೆ ಹೋದವಳು ನೀನು. ಮೂರು ವರ್ಷ ನಿನ್ನ ದುಡಿಮೆಯ ಅನ್ನ ಉಂಡೆ. ನನಗೆ ನಾಚಿಕೆಯಾಗುತ್ತದೆ. ಶಾಲನ್ನು ಕಪಾಟಿನಲ್ಲಿಟ್ಟಿದ್ದೇನೆ.

ನಿನಗೂ ಮಕ್ಕಳಿಗೂ ಅವ್ವನ ಆಶೀರ್ವಾದ. ಮನೆಯವರಿಗೆ ನನ್ನ ಶರಣು ತಿಳಿಸು.

ನಿನ್ನ ಅಣ್ಣ,
ಶಿವಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಫೋನ್ ಬಂತು. ನಿನ್ನ ಬಗ್ಗೆ ಒಳ್ಳೆಯದು ಹೇಳಲು ಬಾಯಿ ಬರದೆ ಬರ್ಮಿಂಗ್‌ಹ್ಯಾಮಿನ ಚಳಿಯ ಬಗ್ಗೆ ಮಾತಾಡುತ್ತಿದ್ದೆ. ಅವ್ವ ಫೋನ್ ಕಸಿದುಕೊಂಡು, "ಅಕಿ ತನ್ನ ಸಾಲಿ ಬಿಟ್ಟು ಇವನ್ನ ಡಾಕ್ಟರ್ ಮಾಡ್ಯಾಳ. ಇವ ಇದನ್ನ ಯಾರ ಮುಂದೂ ಹೇಳಿಲ್ಲ" ಎಂದು ಕನ್ನಡದಲ್ಲೇ ಹೇಳಿ ನನಗೆ ವಾಪಸ್ಸು ಕೊಟ್ಟಳು. ತಾಯಿಯವರು ಏನೆಂದರು ಎಂದು ಅಧಿಕಾರಿ ಕೇಳಿದರು. ನಾನೇ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಎರಡನೆಯ ಮಾತನ್ನೂ ಬಿಡದೆ ಹೇಳಿದೆ. ಅದನ್ನೂ ಟೈಪ್ ಮಾಡಿಕೊಂಡರು.