ಬಂದವರಿಗೆ ತೋರಿಸುವ ಕುರ್ಚಿಗಳು

ಚಿಕ್ಕಮ್ಮಾ, ಕ್ಷೇಮವಾಗಿದ್ದೇನೆ, ಆದರೆ ಕೋಪಕ್ಕೆ ಮೈ ಉರಿಯುತ್ತಿದೆ. ನಾವು ಓದಲು ಬಂದಿರುವ ಈ ದೇಶದ ವ್ಯಾಪಾರ, ಸಂಸ್ಕೃತಿ ಎರಡನ್ನೂ ಕಣ್ಣಾರೆ ಕಂಡು ಕಲಿಯಲಿ ಎಂದು ಮೇಷ್ಟ್ರು ನಮ್ಮನ್ನು ನಿನ್ನೆ ಅಂಗಿ ಹೊಲಿಯುವ ಕಾರ್ಖಾನೆಗೆ ಕರೆದೊಯ್ದರು. ಗುಂಡಿ ಹಾಕುವ ಹೆಂಗಸರೆಲ್ಲ ಹೊಸ ಕುರ್ಚಿಗಳಲ್ಲಿ ಬೆನ್ನು ಒರಗಿಸಿ ಕೂತಿದ್ದರು. ಮಿಷನ್ ತುಳಿದು ಸವೆದ ನಿನ್ನ ಸೊಂಟ ನೆನಪಾಗಿ, ಬಂದವರು ಅಭಿಪ್ರಾಯ ಬರೆಯುವ ಅಲ್ಲಿನ ಪುಸ್ತಕದಲ್ಲಿ ಕುರ್ಚಿಗಳನ್ನು ಹೊಗಳಿ ಬರೆದೆ. ಮರೆತ ಕೊಡೆಗಾಗಿ ಹತ್ತೇ ನಿಮಿಷಕ್ಕೆ ವಾಪಸು ಹೋದರೆ, ಮೇಸ್ತ್ರಿ ಕುರ್ಚಿಗಳನ್ನೆಲ್ಲ ಉಗ್ರಾಣಕ್ಕೆ ಸಾಗಿಸುತ್ತಿದ್ದ! ಹೆಂಗಸರು ನಿಂತೇ ಗುಂಡಿ ಹಾಕುತ್ತಿದ್ದರು. “ನಾಳೆನೂ ಬಾರಮ್ಮಾ. ನೀವು ಬಂದ್ರೇನೇ ನಮಗೆ ಕೂರೋ ಯೋಗ,” ಎಂದಳು ಒಬ್ಬಳು ಮುದುಕಿ. ಹೊರಗೆ ಬಂದು ಇದನ್ನು ಹೇಳಿದರೆ ಮೇಷ್ಟ್ರೋ, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ, “ಅದೂ ಸಂಸ್ಕೃತಿನೇ, ಬರ್ಕೊಳ್ಳಿ,” ಎಂದರು. ನನ್ನ ಕೆಮ್ಮು ವಾಸಿಯಾಗಿದೆ. ಕ್ಲಾಸಿಗೆ ಚಕ್ಕರ್ ಹೊಡೆದು ಈಗ ಅಲ್ಲಿಗೇ ಹೊರಟಿದ್ದೇನೆ. ನಾನು ನೋಡುತ್ತ ನಿಂತಷ್ಟು ಹೊತ್ತಾದರೂ ಅವರು ಕೂರಲಿ.

ನಿನ್ನ ಅಕ್ಕನ ಮಗಳು