ಬಲಕ್ಕೆ ತಿರುಗಿಸಿದರೆ ಎಡಕ್ಕೆ ಹೋಗೋ ಟ್ರಾಕ್ಟರ್

ಅಪ್ಪಾ,

ಇವತ್ತು ಟ್ರಾಕ್ಟರ್ ಹತ್ತಬೇಡ.

ಸ್ಟೀರಿಂಗಿಗೆ ಹಾಕಿದ ಹೊಸ ಸಿಲಿಂಡರ್ ಸರಿಯಾಗೇ ಕೂತಿದೆ, ಎಣ್ಣೆನೂ ಸೋರ್ತಿಲ್ಲ. ಆದರೆ ಬಲಕ್ಕೆ ತಿರುಗಿಸಿದರೆ ಗಾಲಿ ಎಡಕ್ಕೆ ಹೋಗುತ್ತೆ. ಬೆಳಿಗ್ಗೆ ಓಡಿಸಿ ನೋಡಿದಾಗಲೇ ಗೊತ್ತಾಗಿದ್ದು. ಶೆಡ್ಡಿನ ಬಾಗಿಲು ಹೋಯ್ತು.

ಸಿಲಿಂಡರಿಗೆ ಎಣ್ಣೆ ಹೋಗೋ ಎರಡು ಪೈಪಲ್ಲಿ ಎಡಗಡೆಯದಕ್ಕೆ ಗುರುತಿಗೆ ಅಂತ ಕೆಂಪು ಬಟ್ಟೆ ಕಟ್ಟಿದ್ದೆ. ನಾನು ಊಟಕ್ಕೆ ಎದ್ದಾಗ ನೀನು ಅದನ್ನೇ ಬಿಚ್ಚಿ ಎಂಜಿನ್ ಒರೆಸಿದ್ದೀಯ. ಕೊಳೆ ಕಂಡರೆ ನಿನ್ನ ಕೈ ಸುಮ್ಮನಿರಲ್ಲ, ಏನು ಹೇಳಲಿ? ಆಮೇಲೆ ಅಂದಾಜಿನ ಮೇಲೆ ಪೈಪ್ ಉಲ್ಟಾ ಸೇರಿಸಿದ್ದು ಮಾತ್ರ ನಾನೇ.

ಈಗ ಪೈಪ್ ಅದಲುಬದಲು ಮಾಡೋಣ ಅಂದರೆ, ಕೊನೆಗೆ ಸ್ಟೂಲ್ ಮೇಲೆ ಕೂತು ನೀನು ಬಿಗಿದ ನಟ್ಟು ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ. ಡ್ಯೂಟಿಗೆ ಹೊತ್ತಾಯ್ತು. ಸಂಜೆ ಇಬ್ಬರೂ ಸೇರಿ ಬಿಚ್ಚೋಣ. ಅಲ್ಲೀವರೆಗೆ ಬಗ್ಗೋಕೆ ಹೋಗಬೇಡ, ಬೆನ್ನಿನ ಆಪರೇಷನ್ ಗಾಯ ಇನ್ನೂ ಹಸಿ. ಮಾತ್ರೆ ರೇಡಿಯೋ ಪಕ್ಕ ಇದೆ.

ಟ್ರಾಕ್ಟರ್ ಕೀಲಿ ನನ್ನ ಚೀಲದಲ್ಲಿದೆ. ಇನ್ನೊಂದನ್ನ ನೀನು ಗಡಿಯಾರದ ಹಿಂದೆ ಇಟ್ಟಿರೋದು ನನಗೆ ಗೊತ್ತು. ಎರಡು ಸಲ ಕೈ ಹಾಕಿದೆ, ತೆಗೆಯೋಕೆ ಮನಸ್ಸು ಬರಲಿಲ್ಲ. ಅಲ್ಲೇ ಇದೆ.

ಹತ್ತಬೇಡಪ್ಪಾ.